ಕಾಕುವಿನ ಮುತ್ಯಾನ ಗೋರಿ

ಕಳೆದ ತಿಂಗಳು ಬನಹಟ್ಟಿಯ ಒಂದು ಅಂಗಡಿಯಲ್ಲಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿಯಿತು. ಕೊಳ್ಳಲು ಬಂದ ಸೀರೆ ಮರೆತು ಹಾಗೇ ನಿಂತೆ. ಮುಧೋಳದ ನಮ್ಮ ಓಣಿಯಲ್ಲಿ ಜಂಪರು ಹೊಲಿಯುತ್ತಿದ್ದ ಕಾಕುವಿನ ಕೈಗೆ ಸದಾ ಅದೇ ವಾಸನೆ ಇರುತ್ತಿತ್ತು...

ಕಾಕು ನಮಗೆ ಸಂಬಂಧಿಯಲ್ಲ, ಎದುರು ಮನೆಯವಳು. ಅವಳ ಕಣ್ಣು ತಿಳಿ ಬೂದು ಬಣ್ಣದ್ದು. ಓಣಿಯ ಹೆಂಗಸರು ಬೆನ್ನ ಹಿಂದೆ ‘ಬೆಕ್ಕಿನ ಕಣ್ಣಿನಾಕಿ’ ಎನ್ನುತ್ತಿದ್ದರು. ಆ ಕಣ್ಣು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಸಂಸ್ಥಾನದ ಕಾಲದಲ್ಲಿ ರಸ್ತೆ ಮಾಡಿಸಲು ಬಂದು, ಜ್ವರದಿಂದ ಇಲ್ಲೇ ತೀರಿಕೊಂಡ ಸ್ಕಾಟ್ಲೆಂಡಿನ ಎಂಜಿನಿಯರ್ ಅವಳ ತಾಯಿಯ ತಂದೆ. ಲೋಕಾಪುರ ರಸ್ತೆಯ ಪಕ್ಕ, ಕಬ್ಬಿನ ಹೊಲದ ಬದುವಿನ ಮೇಲೆ ಅವನ ಗೋರಿ. ಕಾಕು ಅಮಾವಾಸ್ಯೆಗೊಮ್ಮೆ ಹೋಗಿ ಕಸ ಕಿತ್ತು, ಕಲ್ಲು ತೊಳೆದು, ಎರಡು ಹೂವಿಟ್ಟು ಬರುತ್ತಿದ್ದಳು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ತನ್ನ ಅವ್ವನ ಕಾಲದ ಒಂದು ಹಳೆಯ ಕಾಗದ ತಂದು ನನ್ನಿಂದ ಓದಿಸಿದಳು. ಶಾಲೆಯ ಮಾಸ್ತರರಿಗೆ ಇಂಗ್ಲಿಷಿನಲ್ಲಿ ಬರೆದ ನಾಲ್ಕು ಸಾಲು. ಈ ಹುಡುಗಿ ನನ್ನ ಮಗಳು, ಶಾಲೆಗೆ ಸೇರಿಸಿಕೊಳ್ಳಿ ಎಂದಿತ್ತು. ಕೆಳಗೆ ಗೋರಿಯ ಮೇಲಿದ್ದ ಹೆಸರೇ.

“ಇನ್ನೊಮ್ಮೆ ಓದೋ ತಮ್ಮಾ,” ಎಂದಳು. ಮೂರು ಸಲ ಓದಿದೆ.

ಮುಂದೆ ನಾನು ಇಂಗ್ಲಿಷ್ ಮಾಸ್ತರನಾದೆ. ಒಂದು ವರ್ಷ ಸ್ಕಾಟ್ಲೆಂಡಿನಿಂದ ಇಬ್ಬರು ಅಕ್ಕ-ತಂಗಿಯರು ಆ ಗೋರಿ ಹುಡುಕಿಕೊಂಡು ಬಂದರು. ಎಂಜಿನಿಯರನ ಅಣ್ಣನ ಮೊಮ್ಮಕ್ಕಳು. ಮಾತು ದಾಟಿಸಲು ನಮ್ಮ ಹೆಡ್‌ಮಾಸ್ತರರು ನನ್ನನ್ನು ಕರೆದರು. ಕಾಕುವಿಗೆ ಸುದ್ದಿ ಮುಟ್ಟಿಸಿದವನೂ ನಾನೇ.

ಆ ಹೆಂಗಸರ ಕೈಯಲ್ಲಿ ದಪ್ಪ ಕಡತವಿತ್ತು. ಚರ್ಚಿನ ದಾಖಲೆ, ಜನಗಣತಿಯ ಹಾಳೆ, ಹಡಗಿನ ಪ್ರಯಾಣಿಕರ ಯಾದಿ... ತಮ್ಮ ಮುತ್ತಜ್ಜಿ ಐರ್ಲೆಂಡಿನ ಯಾವ ಹಳ್ಳಿಯಿಂದ ಬಂದವಳೆಂಬುದನ್ನೂ ಹುಡುಕಿ ತೆಗೆದಿದ್ದರು. ವಂಶವೃಕ್ಷದ ದೊಡ್ಡ ಹಾಳೆಯನ್ನು ಗೋರಿಯ ಮೇಲೆಯೇ ಬಿಚ್ಚಿ ತೋರಿಸಿದರು. ಎಂಜಿನಿಯರನ ಹೆಸರಿನ ಕೆಳಗೆ ‘ಮದುವೆಯಿಲ್ಲ, ಮಕ್ಕಳಿಲ್ಲ’ ಎಂದಿತ್ತು.

ಅಷ್ಟರಲ್ಲಿ ಕಾಕು ಬಂದಳು. ಮದುವೆಗೆ ಉಡುವ ಇಳಕಲ್ಲ ಸೀರೆ ಉಟ್ಟಿದ್ದಳು. ಕೈಯಲ್ಲಿ ಆ ಕಾಗದ.

“ತಮ್ಮಾ, ಇವರಿಗೆ ಹೇಳು. ಇಂವ ನಮ್ಮವ್ವನ ಅಪ್ಪ. ಇವರು ನನಗ ತಂಗ್ಯಾರಾಗಬೇಕು.”

ಹೆಡ್‌ಮಾಸ್ತರರು ನನ್ನ ಕಿವಿಯ ಹತ್ತಿರ ಬಂದರು. “ಅದೆಲ್ಲಾ ಬ್ಯಾಡ್ರಿ ಸರ್. ಏನರ ಕೇಳಾಕ ಬಂದಾಳಂತ ತಿಳಕೊಂಡಾರು. ಊರ ಮರ್ಯಾದಿ ಹೋಗತೈತಿ.”

ತಪ್ಪನ್ನು ಅವರ ಮೇಲೆ ಹಾಕಲಾರೆ. ಅವರು ಹೇಳದಿದ್ದರೂ ನನಗೆ ನಾಚಿಕೆಯಾಗಿತ್ತು. ಎದುರು ಮನೆಯ ಜಂಪರು ಹೊಲಿಯುವ ಹೆಂಗಸು, ಮದುವೆಯಿಲ್ಲದೆ ಹುಟ್ಟಿದವಳ ಮಗಳು, ಆ ಅಚ್ಚುಕಟ್ಟಾದ ಹಾಳೆಯೊಳಗೆ ಹೊಕ್ಕರೆ ಅವರು ನನ್ನನ್ನು ಏನೆಂದುಕೊಂಡಾರು? “ಪ್ರತಿ ಅಮಾವಾಸ್ಯೆಗೆ ಬಂದು ಈ ಗೋರಿ ತೊಳೆಯುವವಳು ಇವಳೇ,” ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಕಾಕುವಿಗೆ ಕಾಗದ ಒಳಗಿಡುವಂತೆ ಸನ್ನೆ ಮಾಡಿದೆ.

ಆ ಹೆಂಗಸರ ಕಣ್ಣಲ್ಲಿ ನೀರು ಬಂತು. ಇಬ್ಬರೂ ಕಾಕುವಿನ ಎರಡೂ ಕೈ ಹಿಡಿದರು, ನಡುವೆ ನಿಲ್ಲಿಸಿಕೊಂಡು ಫೋಟೋ ತೆಗೆಸಿದರು.

ಮನೆಗೆ ಮರಳುವ ದಾರಿಯುದ್ದಕ್ಕೂ ಕಾಕುವಿನ ಕಾಲು ನೆಲದ ಮೇಲಿರಲಿಲ್ಲ. “ಕೈ ಹ್ಯಾಂಗ ಹಿಡದ್ರು ನೋಡಿದೇನ? ಕಾಗದಾ ಸುದ್ದಾ ಕೇಳಲಿಲ್ಲ. ರಕ್ತಕ್ಕ ರಕ್ತದ ಗುರುತ ಸಿಕ್ತು.” ನಾನು ಹೂಂಗುಟ್ಟಿದೆ.

ಆಮೇಲೆ ಕಂಡಾಗಲೆಲ್ಲ ಕೇಳುತ್ತಿದ್ದಳು. “ತಂಗ್ಯಾರ ಪತ್ರಾ ಬಂತೇನೋ?” ನಿನ್ನನ್ನು ಕೇಳಿದ್ದಾರೆ, ಆರಾಮಿದ್ದಾರೆ ಎಂದು ಏನೇನೋ ಹೇಳುತ್ತಿದ್ದೆ. ಅವಳು ಓಣಿಗೆಲ್ಲ ಅದನ್ನು ಹಂಚುತ್ತಿದ್ದಳು.

ಎರಡು ವರ್ಷದ ಮೇಲೆ ಶಾಲೆಗೊಂದು ಪುಸ್ತಕ ಬಂತು, ಆ ಮನೆತನದ ಚರಿತ್ರೆ. ನಾನು ರಜೆಯಲ್ಲಿದ್ದೆ. ಹೆಡ್‌ಮಾಸ್ತರರು ಕಾಕುವಿನ ಫೋಟೋ ಇದೆಯೆಂದು ಅದನ್ನು ಸೀದಾ ಅವಳ ಮನೆಗೇ ಕಳಿಸಿದ್ದರು. ಕಾಲೇಜಿಗೆ ಹೋಗುತ್ತಿದ್ದ ಮೊಮ್ಮಗಳು ಫೋಟೋದ ಕೆಳಗಿನ ಸಾಲು ಓದಿ ಹೇಳಿದಳಂತೆ: ‘ಗೋರಿಯ ಕಾವಲಿನ ಹೆಂಗಸು.’

ಕಾಕು ನಮ್ಮ ಹೊಸ್ತಿಲ ತನಕ ಬಂದಳು. ಒಳಗೆ ಬರಲಿಲ್ಲ.

“ಅವತ್ತ ನೀ ಹೇಳಲೇ ಇಲ್ಲೇನೋ ತಮ್ಮಾ?”

ನಾನು ನೆಲ ನೋಡಿದೆ. ಅವಳು ಹೊರಟುಹೋದಳು. ಮುಂದೆ ನಾಲ್ಕು ವರ್ಷ ಬದುಕಿದ್ದಳು. ಎದುರು ಬದುರು ಬಾಗಿಲು... ಒಂದು ಮಾತಿಲ್ಲ. ಗೋರಿಗೆ ಹೋಗುವುದನ್ನೂ ಬಿಟ್ಟಳು. ಅವಳ ಮಣ್ಣಿಗೆ ಹೋದಾಗ ಓಣಿಯವರ ಹಿಂದೆ ನಿಂತೆ, ಮುಖ ನೋಡಲು ಧೈರ್ಯವಾಗಲಿಲ್ಲ.

ಬನಹಟ್ಟಿಯಿಂದ ಬಂದ ದಿನವೇ ಸ್ಕಾಟ್ಲೆಂಡಿಗೆ ಮೇಲ್ ಬರೆದೆ. ಎಲ್ಲವನ್ನೂ ಬರೆದೆ, ನನ್ನ ಸುಳ್ಳನ್ನೂ. ಮೂರನೇ ದಿನ ಉತ್ತರ ಬಂತು. ಬಹಳ ದುಃಖವಾಯಿತು, ಆದರೆ ದಾಖಲೆಯಿಲ್ಲದೆ ಯಾರನ್ನೂ ವಂಶವೃಕ್ಷಕ್ಕೆ ಸೇರಿಸುವುದಿಲ್ಲ, ಏನಾದರೂ ಕಾಗದವಿದೆಯೇ ಎಂದು ಕೇಳಿದ್ದರು.

ಎದುರು ಮನೆಗೆ ಹೋಗಿ ಮೊಮ್ಮಗಳನ್ನು ಕೇಳಿದೆ.

“ಆ ಕಾಗದಾ ರೀ ಸರ್? ಪುಸ್ತಕಾ ಬಂದ ದಿನಾನ ಆಯಿ ಒಲಿಗೆ ಹಾಕಿದಳ್ರಿ. ಓದಿದಾಂವನ ಹೇಳಲಿಲ್ಲ, ಇನ್ನ ಯಾಕ ಬೇಕು ಅಂದ್ಲರಿ.”

ಗೋರಿಯ ಮೇಲೆ ಈಗ ಜಾಲಿ ಬೆಳೆದಿದೆ. ಕಲ್ಲಿನ ಹೆಸರು ಕಾಣುವುದಿಲ್ಲ.

ದಾಖಲೆ ಇಲ್ಲ ಎಂದು ಬರೆದೆ. ಇತ್ತು, ನಾನು ಮೂರು ಸಲ ಓದಿದ್ದೆ ಎಂದೂ ಬರೆದೆ. ಅದಕ್ಕೆ ಉತ್ತರ ಬಂದಿಲ್ಲ.