ಅಣ್ಣತಮ್ಮಂದಿರ ಒಂದೇ ಫೈಲು

ನನಗೆ ಮುಖಗಳು ನೆನಪಿನಲ್ಲಿ ಉಳಿಯುವುದಿಲ್ಲ. ಎಷ್ಟೋ ವರ್ಷಗಳಿಂದ ಕತ್ತಲೆ ಕೋಣೆಯಲ್ಲಿ ಪರದೆಯ ಮುಂದೆ ಕೂತು ಜನರ ಎದೆಯೊಳಗನ್ನೇ ನೋಡಿದವಳು ನಾನು. ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕೈಮುಗಿದು "ಆರಾಮ ಅದೀರೇನ್ರಿ ಮೇಡಂ" ಅಂದರೆ ಪೆಚ್ಚುನಗೆ ನಕ್ಕು ಮುಂದೆ ಹೋಗುತ್ತೇನೆ. ಗೊಬ್ಬೂರಿನ ಆ ಇಬ್ಬರ ಮುಖ ಮಾತ್ರ ಮರೆತಿಲ್ಲ. ಅವರಿಂದಾಗಿ ನನ್ನ ಕೆಲಸದ ಬಗ್ಗೆ ನನಗೇ ಒಂದು ಗೊಂದಲ ಹುಟ್ಟಿತು, ಅದು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ.

ಆಗ ನಾನು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಹೇಳುವುದಕ್ಕೆ ಸರಳವಾದ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಐವತ್ತು ದಾಟಿದ, ಬಹಳ ವರ್ಷ ಬೀಡಿ ಸೇದಿದವರನ್ನು ಹುಡುಕುವುದು. ಅವರಿಗೆ ಕೆಮ್ಮಿರಲಿ ಇಲ್ಲದಿರಲಿ, ವರ್ಷಕ್ಕೊಮ್ಮೆ ಕರೆಸಿ, ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಮಾಡಿ, ಗಂಟು ಸಣ್ಣದಿರುವಾಗಲೇ ಹಿಡಿಯುವುದು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಚೀಟಿ ಕೊಟ್ಟು ಬರುತ್ತಿದ್ದರು. ನಿಗದಿಯಾದ ದಿನ ನಮ್ಮ ವ್ಯಾನು ಹೋಗಿ ಕರೆದುಕೊಂಡು ಬರುತ್ತಿತ್ತು.

ಅದೆಷ್ಟು ಕಷ್ಟವೆಂದು ಮಾಡುವುದಕ್ಕೆ ಹೋದಾಗ ಗೊತ್ತಾಯಿತು. ಜಿಡಗಾದ ಕಡೆಯ ಒಬ್ಬ ಮುದುಕರು ಚೀಟಿ ಹಿಡಿದುಕೊಂಡು ನನ್ನನ್ನೇ ವಿಚಾರಣೆ ಮಾಡಿದರು. "ಬ್ಯಾನಿ ಇದ್ದಾಗ ಬಂದ್ರ ಡಾಕ್ಟರ್ ಇಲ್ಲಂತೀರಿ. ಈಗ ಬ್ಯಾನಿ ಇಲ್ಲ, ಗಾಡಿ ಕಳಿಸಿ ಕರಸಾಕತ್ತೀರಿ. ಏನ್ ವಿಷಯ ಹೇಳ್ರಿ ನೋಡೋಣ."

ಬೀಡಿಯ ಲೆಕ್ಕವಂತೂ ನನ್ನ ಕೈಗೆ ಸಿಗಲೇ ಇಲ್ಲ. ದಿನಕ್ಕೆ ಎಷ್ಟು, ಎಷ್ಟು ವರ್ಷ ಎಂದು ಫಾರ್ಮಿನಲ್ಲಿ ಎರಡು ಚೌಕಗಳಿದ್ದವು. ಕೇಳಿದರೆ ಇನ್ನೊಬ್ಬರು ಹೇಳಿದರು, "ಒಂದು ಕಟ್ಟು ಬೇಕ್ರಿ ದಿನಕ್ಕ. ಆದ್ರ ನಾ ಒಬ್ಬನೇ ಎಲ್ಲಿ ಸೇದ್ತೇನಿ, ಕಟ್ಟಿ ಮ್ಯಾಲ ಕುಂತವ್ರಿಗೆಲ್ಲ ಕೊಡಬೇಕಲ್ಲ." ಒಂದು ಬೀಡಿ ಮೂವರ ಬಾಯಿಗೆ ಹೋಗಿ ಬಂದರೆ ಯಾರ ಹೆಸರಿಗೆ ಎಷ್ಟು ಬರೆಯಲಿ? ಫಾರ್ಮು ತಯಾರಿಸಿದವರು ಬೀಡಿಯನ್ನು ಹಂಚಿಕೊಂಡು ಸೇದಿದವರಲ್ಲ. ಇನ್ನು ಒಳಗೆ ನೋಡಿದರೆ ಎಲ್ಲರ ಎದೆಯಲ್ಲೂ ಏನಾದರೊಂದು ಗುರುತು. ಯಾವ ಕಾಲದಲ್ಲೋ ಬಂದು ಹೋದ ಟಿ.ಬಿ.ಯ ಕಲೆ, ತೊಗರಿ ಒಕ್ಕಿ ರಾಶಿ ಮಾಡುವಾಗಿನ ಧೂಳು, ಒಲೆಯ ಹೊಗೆ. ನಾನು ಓದಿದ ಪುಸ್ತಕಗಳಲ್ಲಿದ್ದ ಶ್ವಾಸಕೋಶಗಳು ತೊಳೆದಿಟ್ಟ ಬೋಗುಣಿಯಂತೆ ಸ್ವಚ್ಛವಾಗಿದ್ದವು, ಅವುಗಳಲ್ಲಿ ಒಂದು ಚುಕ್ಕಿ ಕಂಡರೆ ಥಟ್ಟನೆ ಹೇಳಬಹುದು. ಇಲ್ಲಿ ಯಾವ ಚುಕ್ಕಿ ಹಳೆಯದು, ಯಾವುದು ಹೊಸದು? ಅದಕ್ಕೆ ಒಂದೇ ಉಪಾಯವಿತ್ತು. ಹೋದ ವರ್ಷದ ಚಿತ್ರವನ್ನು ಈ ವರ್ಷದ ಚಿತ್ರದ ಪಕ್ಕದಲ್ಲಿಟ್ಟು ನೋಡುವುದು. ಹಾಗೇ ಇದ್ದರೆ ಹಳೆಯ ಕಲೆ, ಬೆಳೆದಿದ್ದರೆ ಗಂಡಾಂತರ. ನನ್ನ ಇಡೀ ವಿದ್ಯೆ ಆ ಒಂದು ಹೋಲಿಕೆಯ ಮೇಲೆ ನಿಂತಿತ್ತು.

ಗೊಬ್ಬೂರಿನ ಒಬ್ಬ ರೈತರ ಫೈಲು ತೆರೆದದ್ದು ತೊಗರಿ ರಾಶಿ ಮುಗಿಯುತ್ತಿದ್ದ ಹೊತ್ತಿನಲ್ಲಿ. ಹೋದ ವರ್ಷದ ಚಿತ್ರದಲ್ಲಿ ಬಲಗಡೆಯ ಮೇಲ್ಭಾಗ ಖಾಲಿ. ಈ ವರ್ಷ ಅದೇ ಜಾಗದಲ್ಲಿ ಒಂದು ತೊಗರಿಬೇಳೆಯಷ್ಟು ಚುಕ್ಕಿ, ಅಂಚಿನಲ್ಲಿ ಸಣ್ಣ ಮುಳ್ಳು ಮುಳ್ಳು. ಒಂದೇ ವರ್ಷದಲ್ಲಿ ಏನೂ ಇಲ್ಲದ ಕಡೆ ಇಷ್ಟು ಬೆಳೆದಿದೆ ಎಂದರೆ ತಡಮಾಡುವ ಮಾತಿಲ್ಲ. ಸಂಶೋಧನೆಯಲ್ಲಿ ನಾನು ಕಾಯುತ್ತಿದ್ದದ್ದೂ ಇಂಥದ್ದಕ್ಕೇ ಎಂಬ ಒಂದು ಸಣ್ಣ ಖುಷಿ ಒಳಗೆ ಮೂಡಿತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಫೋನು ಮಾಡಿ, "ಒಂದು ಗುರುತು ಕಾಣ್ಸಾಕತ್ತದ, ತಡಾ ಮಾಡದ ನಾಳೆ ಬರ್ರಿ" ಎಂದೆ. ತಕ್ಷಣ ಶಸ್ತ್ರಚಿಕಿತ್ಸೆಯ ವೈದ್ಯರ ಬಳಿ ಕಳಿಸಬೇಕೆಂದು ವರದಿ ಅರ್ಧ ಬರೆದೂ ಆಯಿತು.

ಆಮೇಲೆ ಕಣ್ಣು ಪಕ್ಕೆಲುಬಿನ ಮೇಲೆ ಹೋಯಿತು. ಹೋದ ವರ್ಷದ ಚಿತ್ರದಲ್ಲಿ ಎಡಗಡೆಯ ಒಂದು ಪಕ್ಕೆಲುಬು ಮುರಿದು ಕೂಡಿಕೊಂಡ ಗಂಟು ಸ್ಪಷ್ಟವಾಗಿತ್ತು. ಈ ವರ್ಷ ಅದೇ ಪಕ್ಕೆಲುಬು ನೆಟ್ಟಗೆ, ನುಣ್ಣಗೆ. ಮುರಿದ ಎಲುಬು ಕೂಡಬಹುದು, ಮುರಿದೇ ಇಲ್ಲದಂತಾಗುವುದಿಲ್ಲ. ನಾನೇ ಎಡಬಲ ತಪ್ಪಿದೆನೇ ಎಂದು ಮೂರು ಸಲ ನೋಡಿದೆ. ಕೊನೆಗೆ ಸ್ಕ್ಯಾನಿನ ಟೆಕ್ನಿಷಿಯನ್ನನ್ನು ಕರೆದೆ. ಆಳಂದದ ಸಾಬರ ಮನೆಯವನು, ಬಂದವರನ್ನೆಲ್ಲ ನಗಿಸಿ ಮಲಗಿಸುವವನು.

"ಇವ್ರು ಒಬ್ರೇ ಏನೋ, ಇಬ್ರು ಅದಾರೋ?"

ಅವನು ಎರಡೂ ಚಿತ್ರ ನೋಡಿ ಗಲ್ಲ ಕೆರೆದುಕೊಂಡ. "ಆಧಾರ್ ಕಾರ್ಡ್ ನೋಡೇ ಒಳಗ ಬಿಟ್ಟೀನಿ ಮೇಡಂ. ಆದ್ರ ಆಧಾರ್‌ದಾಗಿನ ಫೋಟೋ ಯಾರಿಗಿ ಹೋಲ್ತದ ಹೇಳ್ರಿ. ನಂದ ನೋಡಿದ್ರ ನಮ್ಮ ಅಮ್ಮಿನೇ ಅಂಜತಾಳ."

ಮರುದಿನ ಇಬ್ಬರು ಬಂದರು. ಅಣ್ಣ ಅರವತ್ತರ ಹತ್ತಿರ, ತಮ್ಮನಿಗೆ ಐವತ್ತಾಗಿಲ್ಲ. ಒಂದೇ ಮೂಗು, ಒಂದೇ ಮೀಸೆ, ತಲೆಯ ಮೇಲೆ ಒಂದೇ ಥರದ ಬಿಳಿ ಟೋಪಿ. ಚೀಟಿ ಅಣ್ಣನ ಹೆಸರಿನಲ್ಲಿತ್ತು.

"ಹೋದ ವರ್ಷ ಯಾರು ಬಂದಿದ್ರಿ? ಈ ಸಲ ಯಾರು?" ಎಂದು ಕೇಳಿದೆ.

"ಎರಡೂ ಸಲ ನಾನೇ ಬಂದೀನ್ರಿ," ಅಂದರು ಅಣ್ಣ, ನನ್ನ ಮುಖ ನೋಡದೆ.

ತಮ್ಮ ಕುರ್ಚಿಯ ತುದಿಗೆ ಸರಿದರು. "ಸುಳ್ಳ ಯಾಕ ಹೇಳ್ತಿ ಅಣ್ಣ. ರಾಶಿ ನಡದಿತ್ತು, ನೀ ಹೊಲದಾಗಿದ್ದಿ. ಈ ಸಲ ನಾ ಬಂದೀನ್ರಿ ಮೇಡಂ. ಮನಿಗೊಬ್ರು ಬರಬೇಕಿತ್ತಲ್ರಿ."

"ಮನಿಗೊಬ್ರು ಅಂತ ಯಾರು ಹೇಳಿದ್ರು?"

"ಯಾರ್ ಹೇಳಬೇಕ್ರಿ? ಎಲ್ಲಾದಕ್ಕೂ ಹಂಗೇ ಹೋಗ್ತೀವಲ್ಲ."

ಹೌದು, ಎಲ್ಲದಕ್ಕೂ ಹಾಗೇ. ಮದುವೆಗೆ, ಮಣ್ಣಿಗೆ, ಪಂಚಾಯ್ತಿ ಕರೆದ ಸಭೆಗೆ, ಮನೆಯಿಂದ ಒಬ್ಬರು ಹೋಗಿ ಕೂತು ಬಂದರೆ ಇಡೀ ಮನೆ ಹೋದ ಹಾಗೆ. ನಾನೂ ಅಂಥದೇ ಮನೆಯಲ್ಲಿ ಬೆಳೆದವಳು. ಮುಂಜಾನೆ ಹೊರಡುವ ಹೊತ್ತಿಗೆ ಯಾರ ಕೈ ಖಾಲಿ ಇದೆಯೋ ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ಆದರೂ ಫಾರ್ಮು ಬರೆಯುವಾಗ, ಆಶಾ ಕಾರ್ಯಕರ್ತೆಯರಿಗೆ ಪಾಠ ಹೇಳುವಾಗ, ಎದೆಯನ್ನೂ ಮನೆಗೊಂದರಂತೆ ಕಳಿಸಬಹುದು ಎಂಬುದು ನನಗೆ ಹೊಳೆಯಲೇ ಇಲ್ಲ.

ಅಣ್ಣ ಬಿಡಲಿಲ್ಲ. "ಏನ್ ಅದನೋ ಅದು ನಂದೇ ಅಂತ ಬರೀರಿ ಮೇಡಂರಿ. ನನ್ನ ಚೀಟಿ, ನನ್ನ ಹೆಸರು. ಬಂದ್ರ ನನಗ ಬರ್ಲಿ. ಇವನ ಮಗಳ ನಿಶ್ಚಯ ಅದ ಮುಂದಿನ ವಾರ. ಹಿರೋಳ್ಳಿ ಬೀಗರು ಬರಾಕತ್ತಾರ."

ಬಸ್ಸಿನಲ್ಲಿ ಬರುತ್ತಲೇ ಅಣ್ಣ ಇದನ್ನು ನಿರ್ಧರಿಸಿಕೊಂಡಿದ್ದರು. ಹೊಲದ ಪಹಣಿಯಲ್ಲಿ ಹೆಸರು ಬದಲಾಯಿಸಿದಂತೆ ತಮ್ಮನ ಗಂಟನ್ನೂ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಬಂದಿದ್ದರು. ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

"ಕಾಕಾ, ನಿಮ್ಮ ಎಡಪಕ್ಕಿ ಯಾವಾಗ ಮುರದಿತ್ತು?" ಎಂದೆ.

ಅವರು ಎಡಗೈಯಿಂದ ಪಕ್ಕೆ ಮುಟ್ಟಿ ನೋಡಿಕೊಂಡರು. "ಕಬ್ಬಿನ ಟ್ರಾಲಿ ಮ್ಯಾಲಿಂದ ಬಿದ್ದಿದ್ದೆ, ಬಾಳ ವರ್ಷಾತು. ನಿಮಗ್ಯಾರು ಹೇಳಿದ್ರು?"

ಟೆಕ್ನಿಷಿಯನ್ ಬಾಗಿಲಲ್ಲೇ ನಿಂತಿದ್ದ. "ನಿಮ್ಮ ಪಕ್ಕಿನೇ ಹೇಳ್ತು ಕಾಕಾ. ಇಲ್ಲಿ ಎಲುಬಿನ ಮುಂದ ಯಾರ ವಕೀಲಕಿನೂ ನಡೆಯಂಗಿಲ್ಲ."

ಹಾಗೆ ಗಂಟು ತಮ್ಮನದು ಎಂದು ಖಾತ್ರಿಯಾಯಿತು. ನಾನು ಹೊಸ ಫಾರ್ಮು ತೆಗೆದು ತಮ್ಮನನ್ನು ಕೇಳಿದೆ, "ಬೀಡಿ ಸೇದ್ತೀರೇನು?"

ಅವರು ಅಣ್ಣನ ಕಡೆ ಒಮ್ಮೆ ನೋಡಿ, "ಇಲ್ರಿ," ಅಂದರು.

ಅಣ್ಣ ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು, "ಸೇದ್ತಾನ, ಬರೀರಿ. ನನ್ನ ಕಟ್ಟಿನ್ಯಾಗ ದಿನಾ ನಾಕೈದು ಕಮ್ಮಿ ಇರ್ತಾವ. ಗೊತ್ತಿಲ್ಲಂತ ಮಾಡಿದ್ಯೇನಲೇ? ಮಗಳ ಮದವಿ ಮಾಡಾಂವಗ ಎಲ್ಲಿ ಮಂದಿ ಮುಂದ ಬೈಯೂದಂತ ಸುಮ್ಮನಿದ್ದೆ."

ತಮ್ಮ ತಲೆ ತಗ್ಗಿಸಿದರು. ಅಣ್ಣನೆದುರು ಬೀಡಿ ಹಚ್ಚುವುದಿಲ್ಲ, ಅಣ್ಣನೆದುರು ಹೌದೆನ್ನುವುದೂ ಇಲ್ಲ. ನನ್ನ ಹಳೆಯ ಫಾರ್ಮುಗಳಲ್ಲಿ ಎಷ್ಟು ಜನ ತಂದೆಯ ಪಕ್ಕ, ಅಣ್ಣನ ಪಕ್ಕ ಕೂತು "ಇಲ್ರಿ" ಎಂದಿದ್ದರೋ.

ನಿಜವಾದ ಪೇಚಾಟ ಇಲ್ಲಿಂದ ಶುರುವಾಯಿತು. ಗಂಟು ಒಂದು ವರ್ಷದಲ್ಲಿ ಹುಟ್ಟಿ ಬೆಳೆದದ್ದು ಎಂದು ಹಿಂದಿನ ದಿನ ನಾನು ಗಾಬರಿಯಾದದ್ದು ಅಣ್ಣನ ಚಿತ್ರದೊಂದಿಗೆ ಹೋಲಿಸಿ. ತಮ್ಮನದು ಹಿಂದಿನ ಚಿತ್ರವೇ ಇಲ್ಲ. ಅದು ಹೊಸದಾಗಿ ಬಂದಿರಬಹುದು. ಚಿಕ್ಕಂದಿನಲ್ಲಿ ಗೊತ್ತಿಲ್ಲದೆ ಬಂದು ಹೋದ ಟಿ.ಬಿ.ಯ ಕಲೆಯೂ ಇರಬಹುದು. ಇಷ್ಟು ಸಣ್ಣ ಗಂಟಿಗೆ ಸೂಜಿ ಹಾಕಿ ನೋಡುವುದೂ ಕಷ್ಟ. ಮೂರು ತಿಂಗಳು ಕಾದು ಮತ್ತೊಮ್ಮೆ ಸ್ಕ್ಯಾನ್ ಮಾಡುವುದು ಸರಿ ಎನ್ನುತ್ತದೆ ನಿಯಮ. ನಿನ್ನೆ, ತಕ್ಷಣವೇ ಎದೆ ಕೊಯ್ಯಬೇಕೆಂದು ಬರೆಯಹೊರಟವಳು ಇವತ್ತು ಮೂರು ತಿಂಗಳು ಬಿಟ್ಟು ಬನ್ನಿ ಎನ್ನಬೇಕಾಗಿತ್ತು. ಗಂಟು ಅದೇ, ಬದಲಾದದ್ದು ನನ್ನ ತಿಳಿವಳಿಕೆ ಮಾತ್ರ.

ಇದನ್ನೆಲ್ಲ ಬಿಡಿಸಿ ಹೇಳಿದೆ. ತಮ್ಮ ಪೂರ್ತಿ ಕೇಳಿಸಿಕೊಂಡರು.

"ಬೀಗರು ಬರೂದು ಮುಂದಕ ಹಾಕ್ಲೇನ್ರಿ? ಅದಾ ಅನ್ರಿ, ಇಲ್ಲಾ ಅನ್ರಿ. ನಡುವಿಂದು ಹೇಳಬ್ಯಾಡ್ರಿ."

ನನ್ನ ವೃತ್ತಿಯ ಮಾತೆಲ್ಲ ನಡುವಿನದೇ. 'ಇರಬಹುದು', 'ತಳ್ಳಿಹಾಕಲಾಗದು', 'ಗಮನಿಸುವುದು ಒಳಿತು'. ಈ ಮೂರರಲ್ಲಿ ಯಾವುದನ್ನೂ ನಿಶ್ಚಯದ ತಟ್ಟೆಯಲ್ಲಿ ಇಡಲಾಗುವುದಿಲ್ಲ. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ನಿಶ್ಚಯ ಮಾಡ್ರಿ," ಅಂದೆ. "ಮೂರು ತಿಂಗಳಿಗೆ ನೀವೇ ಬರ್ರಿ. ಅಣ್ಣನ್ನ ಕಳಿಸಬ್ಯಾಡ್ರಿ."

ಅವರು ಎದ್ದು ಹೋದ ಮೇಲೆ ಯಾಕೆ ಹಾಗೆಂದೆ ಎಂದು ನನ್ನನ್ನೇ ಕೇಳಿಕೊಂಡೆ. ಗಂಟು ಕ್ಯಾನ್ಸರಾಗಿದ್ದರೆ ಬೀಗರಿಗೆ ನಾನು ಮೋಸ ಮಾಡಿಸಿದ ಹಾಗೆ. ಕ್ಯಾನ್ಸರ್ ಆಗಿರದೆ ನನ್ನ ಮಾತಿನಿಂದ ನಿಶ್ಚಯ ತಪ್ಪಿದ್ದರೆ ಒಂದು ಹುಡುಗಿಯ ಬದುಕಿಗೆ ಕಲ್ಲು ಹಾಕಿದ ಹಾಗೆ. ಎರಡರಲ್ಲೂ ನನ್ನ ಸಿ.ಟಿ.ಯಿಂದ ಉಪಯೋಗವಿರಲಿಲ್ಲ. ಆ ಮೂರು ತಿಂಗಳಲ್ಲಿ ಹಳೆಯ ಫೈಲುಗಳನ್ನೆಲ್ಲ ತೆರೆದು ಪಕ್ಕೆಲುಬು, ಬೆನ್ನೆಲುಬು ಹೋಲಿಸಿದೆ. ಜೇವರ್ಗಿಯ ಕಡೆಯವೂ ಕೆಲವು ಹೀಗೇ ಸಿಕ್ಕವು. ನಮ್ಮ ಹಿರಿಯ ವೈದ್ಯರು ಅವನ್ನೆಲ್ಲ ಸಂಶೋಧನೆಯ ಲೆಕ್ಕದಿಂದ ತೆಗೆಯಲು ಹೇಳಿದರು, ಗೊಬ್ಬೂರಿನದನ್ನೂ. ತೆಗೆದೆ. ಆದರೆ ಗಂಟನ್ನು ತಲೆಯಿಂದ ತೆಗೆಯುವುದು ಹೇಗೆಂದು ಅವರು ಹೇಳಲಿಲ್ಲ.

ಮೂರು ತಿಂಗಳಿಗೆ ತಮ್ಮ ಬಂದರು. ಅಣ್ಣನೂ ಜೊತೆಗಿದ್ದರು, ಆದರೆ ಹೊರಗೆ ಬೆಂಚಿನ ಮೇಲೆ ಕೂತರು. ಸ್ಕ್ಯಾನ್ ಆಯಿತು. ಎರಡೂ ಚಿತ್ರ ಪಕ್ಕಪಕ್ಕ ಇಟ್ಟೆ. ಈ ಸಲ ಮೊದಲು ಎಲುಬು ನೋಡಿದೆ, ಒಬ್ಬರದೇ. ಆಮೇಲೆ ಗಂಟು ಅಳೆದೆ. ಅಷ್ಟೇ ಇತ್ತು.

"ಹೋಗ್ಯದೇನ್ರಿ?"

"ಇಲ್ಲ."

"ಬೆಳದದೇನ್ರಿ?"

"ಇಲ್ಲ."

"ಮತ್ತ?"

"ಬೆಳೀಲಿಲ್ಲಂದ್ರ ಚಲೋನೇ. ಆದ್ರ ಇಷ್ಟರಾಗ ಬಿಡಂಗಿಲ್ಲ. ಆರು ತಿಂಗಳಿಗೆ ಮತ್ತ ನೋಡಬೇಕು." ಹೇಳಿ, ಕೇಳಲೋ ಬೇಡವೋ ಎಂದುಕೊಳ್ಳುತ್ತಲೇ ಕೇಳಿದೆ, "ನಿಶ್ಚಯ ಆತೇನು?"

"ಆತ್ರಿ. ಬೀಗರಿಗಿ ಹೇಳಿಬಿಟ್ಟೆ."

"ಏನಂತ?"

"ನೀವ್ ಹೇಳಿದ್ದೇ ಹೇಳ್ದೆ. ಎದಿಯಾಗ ಒಂದು ಬ್ಯಾಳಿಯಷ್ಟು ಅದ, ಕೆಟ್ಟದ್ದೋ ಒಳ್ಳೇದೋ ಡಾಕ್ಟರಿಗೂ ಗೊತ್ತಿಲ್ಲ ಅಂತ. ಹೇಳಲಾರದ ಹುಡುಗೀನ ಕೊಡೂದು ಮನಸಿಗಿ ಬರ್ಲಿಲ್ರಿ."

"ಅವರೇನಂದ್ರು?"

"ಏನ್ ಅಂತಾರ್ರಿ. ಚಾ ಕುಡದ್ರು. ಆಮ್ಯಾಲ ಹುಡುಗನ ಅಪ್ಪ, ಹಂಗಾದ್ರ ಮದವಿ ತಡಾ ಮಾಡೂದು ಬ್ಯಾಡ, ಲಗೂನೇ ಇಟ್ಟುಕೊಳ್ಳೋಣ ಅಂದ್ರು."

ಅದು ಧೈರ್ಯದ ಮಾತೋ ಅವಸರದ ಮಾತೋ ಅವರಿಗೂ ಗೊತ್ತಿರಲಿಲ್ಲ, ನನಗೂ. ಅವರು ಟೋಪಿ ಸರಿಮಾಡಿಕೊಂಡು ಎದ್ದರು. ಹೊರಗೆ ಅಣ್ಣ ಏನಾಯಿತೆಂದು ಕೇಳುವುದು, ತಮ್ಮ "ಅಷ್ಟೇ ಅದಂತ" ಅನ್ನುವುದು ಕೇಳಿಸಿತು. ವರದಿಯಲ್ಲಿ 'ಬದಲಾವಣೆ ಇಲ್ಲ' ಎಂದು ಬರೆದೆ. ಕಳಿಸುವ ಮೊದಲು ಮತ್ತೊಮ್ಮೆ ಅಳೆದೆ. ಈ ಸಲ ಒಂದು ಕೂದಲೆಳೆಯಷ್ಟು ದೊಡ್ಡದಾಗಿ ಬಂತು. ನನ್ನ ಕೈ ಅಲುಗಿತೋ, ಗಂಟು ಬೆಳೆದಿತ್ತೋ. ಮತ್ತೆ ಅಳೆದೆ.