ವಾರಿಜಾ ಮತ್ತು ಕನ್ನಡಿಯಿಲ್ಲದ ಕ್ಯಾಮೆರಾ

ನಮ್ಮ ಕಟ್ಟಡದಲ್ಲಿ ಗಂಡಸರ ಮುಖಕ್ಕೇ ಹೊಟ್ಟೆ ಒಳಗೆ ಎಳೆದುಕೊಳ್ಳಿ ಎಂದು ಹೇಳುವ ಹೆಂಗಸು ಒಬ್ಬಳೇ, ವಾರಿಜಾ. ಅವಳು ಹೇಳಿದರೆ ಅವರು ಎಳೆದುಕೊಳ್ಳುತ್ತಾರೆ ಕೂಡ. ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ನಾನು ಎರಡನೆಯ ಮಾಳಿಗೆಯವಳು, ಅವಳ ಮನೆ ಕೆಳಗೆ. ಆ ಮನೆಯ ರಸ್ತೆ ಕಡೆಯ ಕೋಣೆಯೇ ಅವಳ ಗಂಡ ವಸಂತಕುಮಾರನ ಫೋಟೋ ಸ್ಟುಡಿಯೋ. ನನಗೆ ಮಧ್ಯಾಹ್ನ ನಿದ್ದೆ ಬರುವುದಿಲ್ಲ. ಹಾಗಾಗಿ ಬಸಳೆಯನ್ನೋ ತೊಂಡೆಕಾಯಿಯನ್ನೋ ಹಿಡಿದುಕೊಂಡು ಆ ಸ್ಟುಡಿಯೋದ ಬೆಂಚಿನಲ್ಲಿ ಕೂರುತ್ತೇನೆ. ಅಲ್ಲಿ ಕಿವಿಗೆ ಕೆಲಸ ಸಿಗುತ್ತದೆ.

ವಾರಿಜಾ ಉಡುಪಿ ಕಡೆಯವಳು. ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಸ್ಟುಡಿಯೋದಲ್ಲಿ ಸಿಕ್ಕಿದ್ದು ಒಂದು ಕತ್ತರಿ. ಪಾಸ್‌ಪೋರ್ಟ್ ಫೋಟೋಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಲಕೋಟೆಗೆ ಹಾಕುವುದು. ಒಂದು ದಿನ ಯಾರದೋ ಸೀಮಂತಕ್ಕೆ ವಸಂತಕುಮಾರನನ್ನು ಕರೆದಿದ್ದರು. ಬಳೆ ತೊಡಿಸುವ ಹೊತ್ತಿಗೆ ಆ ಮನೆಯ ಅಜ್ಜಿ, ಗಂಡಸರು ಒಳಗೆ ಬೇಡ ಎಂದು ಹಟ ಹಿಡಿದಳು. ಅವನು ಬಾಗಿಲಲ್ಲೇ ನಿಂತು ಕ್ಯಾಮೆರಾವನ್ನು ಜೊತೆಗೆ ಬಂದಿದ್ದ ಹೆಂಡತಿಯ ಕೈಗೆ ಕೊಟ್ಟ. ಇಲ್ಲಿ ಒತ್ತು, ಬೇರೆ ಏನನ್ನೂ ಮುಟ್ಟಬೇಡ ಎಂದ. ಅವಳು ಎಲ್ಲವನ್ನೂ ಮುಟ್ಟಿದಳು. ಕ್ಯಾಮೆರಾವನ್ನು ಮರಳಿ ಕೊಡಲಿಲ್ಲ.

ಅದು ರೋಲು ಹಾಕುವ ಕಾಲ. ಆಮೇಲೆ ಡಿಎಸ್‌ಎಲ್‌ಆರ್ ಬಂತು. ಕಪ್ಪು ಬಣ್ಣ, ಬಲಿತ ನಾಯಿಮರಿಯಷ್ಟು ತೂಕ, ಮುಂದೆ ಮೂತಿಯ ಹಾಗೆ ಲೆನ್ಸು. ಅದನ್ನು ಕುತ್ತಿಗೆಗೆ ಹಾಕಿಕೊಂಡು ವಾರಿಜಾ ಮದುವೆ ಹಾಲಿಗೆ ನುಗ್ಗಿದರೆ ಜನ ತಾವಾಗಿ ಎರಡು ಪಾಲಾಗುತ್ತಿದ್ದರು. ಮನೆಯಲ್ಲಿ ಮೆತ್ತಗೆ ಮಾತಾಡುವವಳಿಗೆ ಅಲ್ಲಿ ಬೇರೆಯೇ ಗಂಟಲು ಬರುತ್ತಿತ್ತು. "ರಾಯರೇ, ಉಸಿರು ಬಿಡ್ಬೇಡಿ, ಗುಂಡಿ ಹಾರಿ ಲೆನ್ಸಿಗೆ ಬಡೀತದೆ." "ಅತ್ತೆಯವರೇ, ಸೊಸೆಯನ್ನು ನೋಡಿ ಒಂದು ಸಲ ನಗಿ ಮಾರಾಯ್ರೆ, ಮನೆಗೆ ಹೋದ ಮೇಲೆ ಹೇಗೂ ಬೈಲಿಕ್ಕುಂಟಲ್ಲ." ಬೇರೆ ಯಾರಾದರೂ ಹೀಗೆಂದಿದ್ದರೆ ಮದುವೆಯೇ ನಿಲ್ಲುತ್ತಿತ್ತು. ಇವಳು ಹೇಳಿದರೆ ಅತ್ತೆ ನಗುತ್ತಿದ್ದಳು, ಫೋಟೋ ಚೆನ್ನಾಗಿ ಬರುತ್ತಿತ್ತು.

ಹತ್ತು ವರ್ಷ ಆ ನಾಯಿಮರಿಯನ್ನು ಎತ್ತಿದ್ದಕ್ಕೆ ಅವಳ ಬಲಗೈಯ ಮಣಿಕಟ್ಟು ಊದಿಕೊಂಡಿತು. ಎಂಐಡಿಸಿ ಫ್ಯಾಕ್ಟರಿಗಳ ಕಡೆ ಒಬ್ಬಳು ಮರಾಠಿ ಫಿಸಿಯೋಥೆರಪಿ ಹುಡುಗಿ ಇದ್ದಾಳೆ. ಅವಳು ಕೈಯನ್ನು ಆಚೆ ಈಚೆ ತಿರುಗಿಸಿ ನೋಡಿ, ಮಾವಶಿ, ಈ ತೂಕ ಇನ್ನು ಬಿಡಬೇಕು, ಇಲ್ಲದಿದ್ದರೆ ಮುಂದೆ ಲೋಟವನ್ನೂ ಎತ್ತಲಾರಿರಿ ಎಂದಳು. ಅದೇ ತಿಂಗಳು ಆ ಕ್ಯಾಮೆರಾವೂ ಕೆಟ್ಟಿತು. ರಿಪೇರಿಯವನು ಅದರ ಒಳಗೆಲ್ಲ ಸವೆದಿದೆ ಎಂದು ಕೈ ಚೆಲ್ಲಿದ. ಅಲ್ಲಿಗೆ ಹೊಸದು ಕೊಳ್ಳಲೇಬೇಕಾಯಿತು. ಯಾವುದು ಎಂಬುದೇ ಜಗಳ.

ನನಗೆ ಅರ್ಥವಾದಷ್ಟು ಹೇಳುತ್ತೇನೆ. ಡಿಎಸ್‌ಎಲ್‌ಆರ್ ಎಂಬ ದೊಡ್ಡದರ ಹೊಟ್ಟೆಯೊಳಗೆ ಒಂದು ಕನ್ನಡಿ ಇರುತ್ತದೆ. ಗುಂಡಿ ಒತ್ತಿದಾಗ ಅದು ಟಪ್ಪೆಂದು ಮೇಲೆ ಹಾರುತ್ತದೆ. ಹೊಸ ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ. ಹಾಗಾಗಿ ಅದು ಸಣ್ಣದು, ಹಗುರ, ಮತ್ತು ಒತ್ತುವ ಮೊದಲೇ ಫೋಟೋ ಹೇಗೆ ಬರುತ್ತದೆಂದು ಕಣ್ಣಿಗೆ ತೋರಿಸಿಬಿಡುತ್ತದೆ. ಒಂದರ ಲೆನ್ಸು ಇನ್ನೊಂದಕ್ಕೆ ಸುಲಭದಲ್ಲಿ ಹೊಂದುವುದಿಲ್ಲ. ಒಮ್ಮೆ ಒಂದು ಮನೆತನದ ಜೊತೆ ಸಂಬಂಧ ಮಾಡಿದರೆ ಮತ್ತೆ ಲೆನ್ಸು, ಬ್ಯಾಟರಿ, ಎಲ್ಲದಕ್ಕೂ ಆ ಮನೆಯ ಬಾಗಿಲನ್ನೇ ತಟ್ಟಬೇಕು.

"ದೊಡ್ಡಮ್ಮ, ನೀವೇ ಹೇಳಿ," ಎಂದ ವಸಂತಕುಮಾರ, ಮೊಬೈಲಿನಲ್ಲಿ ಅದರ ಚಿತ್ರ ತೋರಿಸುತ್ತ. "ಇದು ಕ್ಯಾಮೆರಾವಾ, ಸಾಬೂನಿನ ಡಬ್ಬಿಯಾ?"

ಮಗಳು ಅಶ್ಮಿತಾ ಕಾಲೇಜಿಗೆ ಹೋಗುವವಳು. ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. "ಪಪ್ಪಾ, ಅಬ್ ಸಬ್ ಯಹೀ ಲೇ ರಹೇ ಹೈ. ಯಹೀ ಫ್ಯೂಚರ್ ಹೈ." ಈಗ ಎಲ್ಲರೂ ಇದನ್ನೇ ಕೊಳ್ಳುತ್ತಿದ್ದಾರೆ, ಮುಂದಿನ ಕಾಲ ಇದರದ್ದೇ ಎಂದು.

"ಈ ಫ್ಯೂಚರಿನ ಬ್ಯಾಟರಿ ಅರ್ಧ ಮದುವೆಗೇ ಮುಗೀತದಂತೆ."

"ಮುಗಿದ್ರೆ ಬೇರೆ ಬ್ಯಾಟರಿ ಹಾಕಿದ್ರಾಯ್ತು," ಎಂದಳು ವಾರಿಜಾ. "ಬೇರೆ ಕೈ ಹಾಕ್ಲಿಕ್ಕೆ ಆಗ್ತದಾ?"

"ಅದಕ್ಕೇ ಹೇಳುವುದು. ದೊಡ್ಡದೇ ತಗೊಳ್ಳುವ. ಮದುವೆಗೆ ಇನ್ನು ನಾನು ಹೋಗ್ತೇನೆ. ನೀನು ಇಲ್ಲಿ ಫ್ಯಾನಿನ ಕೆಳಗೆ ಕೂತು ಆಲ್ಬಮ್ ಮಾಡು, ಪಾಸ್‌ಪೋರ್ಟ್ ಕತ್ತರಿಸು. ಆರಾಮ."

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ, ಅದೇ ದೊಡ್ಡ ತೊಂದರೆ. ಬೈದಿದ್ದರೆ ಅವಳು ತಿರುಗಿ ಬೈಯಬಹುದಿತ್ತು. ದೊಡ್ಡದು ಬಂದರೆ ಅವಳು ಮತ್ತೆ ಕತ್ತರಿಗೆ, ಸಣ್ಣದು ಬಂದರೆ ಕ್ಯಾಮೆರಾ ಅವಳ ಕೈಯಲ್ಲೇ. ಮೂವರಿಗೂ ಅದು ಗೊತ್ತಿತ್ತು, ಬಸಳೆ ಬಿಡಿಸುತ್ತಿದ್ದ ನನಗೂ.

ಕೊನೆಗೆ ಒಂದು ಒಪ್ಪಂದ ಆಯಿತು. ಡಿಸೆಂಬರಿನಲ್ಲಿ ವಾಶಿಯಲ್ಲಿ ಸೂರ್ಯನಾರಾಯಣ ಎಂಬವರ ಮಗಳು ಮಾನ್ಯಾಳ ಮದುವೆ ಇತ್ತು. ಬೆಂಗಳೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಅದಕ್ಕೆ ಬಾಡಿಗೆಯ ಮಿರರ್‌ಲೆಸ್ ತರುವುದು, ವಾರಿಜಾ ತೆಗೆಯುವುದು. "ಪಾರ್ಟಿಯಿಂದ ಒಂದೇ ಒಂದು ಕಂಪ್ಲೇಂಟ್ ಬಂದ್ರೂ ದೊಡ್ಡದೇ," ಎಂದ ವಸಂತಕುಮಾರ.

"ಆಯ್ತು," ಎಂದಳು ವಾರಿಜಾ.

ಬ್ಯಾಟರಿಗಳ ಚೀಲ ಕಾಯಲು ನಾನು ಹೋದೆ. ಮದುವೆ ಊಟ ಸಿಗುತ್ತದೆಂದರೆ ನಾನು ಏನನ್ನು ಬೇಕಾದರೂ ಕಾಯುತ್ತೇನೆ. ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿಗೆ ಹೋಗುವಾಗ ಲೇಡೀಸ್ ಡಬ್ಬದಲ್ಲಿ ವಾರಿಜಾ ಮೊದಲ ಬಾರಿ ಕುತ್ತಿಗೆ ನೆಟ್ಟಗೆ ಇಟ್ಟುಕೊಂಡು ಕೂತಿದ್ದಳು.

ಆ ಸುಖ ಮದುವೆ ಹಾಲಿನ ಬಾಗಿಲ ತನಕ. ರೇಷ್ಮೆ ಸೀರೆ, ತುರುಬಿಗೆ ಮಲ್ಲಿಗೆ, ಕೈಯಲ್ಲಿ ಸಾಬೂನಿನ ಡಬ್ಬಿ. ಅವಳನ್ನು ಯಾರೂ ಫೋಟೋಗ್ರಾಫರ್ ಎಂದು ತಿಳಿಯಲಿಲ್ಲ. ಪನ್ನೀರು ಚಿಮುಕಿಸಿದರು, ಕೈಗೆ ಕಲ್ಲುಸಕ್ಕರೆ ಕೊಟ್ಟರು. ಮಂಟಪದ ಹತ್ತಿರ ಹೋದರೆ ಪುರೋಹಿತರು, "ಅಮ್ಮಾ, ಹೆಣ್ಮಕ್ಳೆಲ್ಲ ಆ ಕಡೆ ಕೂತ್ಕೊಳಿ, ಇಲ್ಲಿ ಹೋಮದ ಹೊಗೆ," ಎಂದರು. ಯಾರೋ ಒಬ್ಬಳು, "ಒಂದ್ನಿಮ್ಷ ಹಿಡ್ಕೊಳ್ರೀ, ನೆರಿಗೆ ಸರಿ ಮಾಡ್ಕೋತೀನಿ," ಎಂದು ಮಗುವನ್ನು ಅವಳ ಕೈಗೆ ಹಾಕಿ ಹೋದಳು. ಆ ಒಂದು ನಿಮಿಷ ಲಾಜಾಹೋಮದ ತನಕ ನಡೆಯಿತು. ಮಗುವನ್ನು ಕೊನೆಗೆ ನಾನು ಕಾಯಬೇಕಾಯಿತು. ಅಷ್ಟರಲ್ಲಿ ಸೂರ್ಯನಾರಾಯಣರು ಅವಳ ಎದುರೇ ನಿಂತು, "ಎಲ್ರೀ ಆ ಫೋಟೋಗ್ರಾಫರು? ಇನ್ನೂ ಬಂದಿಲ್ವಾ?" ಎಂದು ಕೂಗಾಡಿದರು.

"ನಾನೇ," ಎಂದಳು ವಾರಿಜಾ.

ಅವರು ಅವಳ ಕೈಯನ್ನು ನೋಡಿದರು. "ಅದ್ರಲ್ಲಾ?" ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಹೋದರು.

ಇಷ್ಟನ್ನು ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅಲ್ಲಿ ಸುಪ್ರೀತ್ ಇದ್ದ. ಸೂರ್ಯನಾರಾಯಣರ ಹೆಂಡತಿ ನಳಿನಿಯ ಅಕ್ಕನ ಮಗ, ಐರೋಲಿಯಲ್ಲಿ ಐಟಿ ಕೆಲಸ. ಎತ್ತರದ ಹುಡುಗ, ಕುತ್ತಿಗೆಯಲ್ಲಿ ಹೊಸ ಡಿಎಸ್‌ಎಲ್‌ಆರ್, ಅದಕ್ಕೆ ಹಾಲಿನ ಪಾತ್ರೆಯಷ್ಟು ದಪ್ಪದ ಲೆನ್ಸು. ಶೋಕಿಗೆ ತೆಗೆಯುವವನು. ಶಾಸ್ತ್ರವೆಲ್ಲ ಮುಗಿದು ವೇದಿಕೆಯಲ್ಲಿ ನೆಂಟರ ಗುಂಪುಗಳು ಒಂದೊಂದಾಗಿ ನಿಲ್ಲತೊಡಗಿದವು. ವಾರಿಜಾ ನಡುವೆ, ಅವನು ಅವಳ ಎಡಕ್ಕೆ. "ಆಂಟೀ, ಆಪ್ ಅಪನಾ ಬಾದ್ ಮೇ ಲೇನಾ," ಎಂದ. ನಿಮ್ಮದು ಆಮೇಲೆ ತೆಗೆದುಕೊಳ್ಳಿ ಎಂದು, ಬಹಳ ಮರ್ಯಾದೆಯಿಂದ.

ಸ್ವಲ್ಪ ಹೊತ್ತಿಗೆ ವಾರಿಜಾ ನನ್ನ ಹತ್ತಿರ ಬ್ಯಾಟರಿ ಬದಲಿಸಲು ಬಂದು ಕ್ಯಾಮೆರಾದ ಬೆನ್ನಿನ ಪರದೆ ತೋರಿಸಿದಳು. "ನೋಡಿ ದೊಡ್ಡಮ್ಮ. ಎಲ್ಲರಿಗೂ ಒಟ್ಟಿಗೇ ಕುತ್ತಿಗೆ ಉಳುಕಿದ ಹಾಗೆ."

ಹೌದು. ಗುಂಪಿನ ಮೇಲೆ ಗುಂಪು, ಅಜ್ಜನಿಂದ ಮಗುವಿನವರೆಗೆ ಎಲ್ಲರ ಕಣ್ಣೂ ಪಕ್ಕಕ್ಕೆ. ಹಾಲಿನಲ್ಲಿ ಯಾವ ಕ್ಯಾಮೆರಾ ದೊಡ್ಡದೋ ಅದೇ ನಿಜವಾದದ್ದು ಎಂದು ಎಲ್ಲರೂ ನಂಬಿದ್ದರು. ಅವಳು ಇಲ್ಲಿ ನೋಡಿ, ಇಲ್ಲಿ ನೋಡಿ ಎಂದರೆ ಒಂದು ಸಲ ಪಾಪ ಎಂಬ ಹಾಗೆ ನೋಡಿ, ಮತ್ತೆ ಸುಪ್ರೀತನ ಪಾತ್ರೆಯಂಥ ಲೆನ್ಸಿನ ಕಡೆಗೆ ತಿರುಗುತ್ತಿದ್ದರು. ಅವಳ ಗಂಟಲು ಕೂಡ ಇನ್ನೂ ಎದ್ದಿರಲಿಲ್ಲ.

"ಮುಗೀತು," ಎಂದಳು. "ಆಲ್ಬಮ್ ನೋಡಿದ ಕೂಡಲೇ ಕಂಪ್ಲೇಂಟ್. ಕತ್ತರಿ ಗಟ್ಟಿ."

"ಅವನನ್ನು ಊಟಕ್ಕೆ ಕಳಿಸು," ಎಂದೆ ನಾನು.

"ಅವನು ಹೋದ್ರೆ ಯಾರನ್ನೂ ನೋಡುದಿಲ್ಲ ಅವರು, ಎಲ್ಲ ಊಟದ ಹಾಲಿನ ಬಾಗಿಲು ನೋಡ್ತಾರೆ." ಹೊಸ ಬ್ಯಾಟರಿಯನ್ನು ಟಕ್ಕೆಂದು ಒಳಗೆ ತಳ್ಳಿದಳು. ಮತ್ತೆ ಸೀದಾ ಸುಪ್ರೀತನ ಹತ್ತಿರ ಹೋದಳು. "ಮಗಾ, ನೀನು ಯಾಕೆ ಅಲ್ಲಿ ಮೂಲೆಯಲ್ಲಿ? ನೀನು ಎತ್ತರ ಇದ್ದಿ. ಇಲ್ಲಿ ನಡುವಲ್ಲಿ ನನ್ನ ಹಿಂದೆ ನಿಲ್ಲು, ನಿಂಗೆ ಎಲ್ಲ ಕಾಣ್ತದೆ. ಬೆಳಕೂ ಇಲ್ಲೇ ಒಳ್ಳೇದುಂಟು."

ಹುಡುಗ ಥ್ಯಾಂಕ್ಯೂ ಹೇಳಿ ಬಂದು ನಿಂತ. ಅವನಿಗೆ ಎಲ್ಲರೂ ಕಂಡರೋ ಇಲ್ಲವೋ, ಎಲ್ಲರಿಗೂ ಅವನು ಕಂಡ. ಕಣ್ಣುಗಳೆಲ್ಲ ಒಮ್ಮೆಗೇ ನೆಟ್ಟಗಾದವು. ಅವನ ಗದ್ದಕ್ಕೆ ತುರುಬು ತಾಗುವಷ್ಟು ಹತ್ತಿರ ನಿಂತು ವಾರಿಜಾ ಒತ್ತುತ್ತಾ ಹೋದಳು. ಮೂರನೆಯ ಗುಂಪಿಗೆ ಅವಳ ಗಂಟಲೂ ಬಂತು. ಹೆಣ್ಣಿನ ಮನೆಯವರು ನಿಂತಾಗ ಸೂರ್ಯನಾರಾಯಣರ ಮುಖ ರಜೆ ಅರ್ಜಿ ಓದುವ ಮುಖ.

"ಸೂರ್ಯನಾರಾಯಣ ರಾಯರೇ," ಎಂದು ಕರೆದಳು ಕೆಳಗಿನಿಂದ. "ಪಂಚೆ ಜಾರ್ತಾ ಉಂಟು."

ಅವರು ಎರಡೂ ಕೈಯಿಂದ ಸೊಂಟ ಹಿಡಿದುಕೊಂಡರು. ಪಂಚೆ ಇದ್ದಲ್ಲೇ ಇತ್ತು. ಬೀಗರು ನಕ್ಕರು, ಮದುಮಗಳು ಬಗ್ಗಿ ನಕ್ಕಳು, ಕೊನೆಗೆ ಅವರೂ ನಕ್ಕರು. ಕ್ಯಾಮೆರಾ ಆ ಇಡೀ ಹೊತ್ತು ಕೆಲಸ ಮಾಡುತ್ತಿತ್ತು.

ಹದಿನೈದು ದಿನ ಕಳೆದು ಆಲ್ಬಮಿಗೆ ಫೋಟೋ ಆರಿಸಲು ನಳಿನಿಯೂ ಸುಪ್ರೀತನೂ ಸ್ಟುಡಿಯೋಕ್ಕೆ ಬಂದರು. ಕಂಪ್ಯೂಟರಿನ ಮುಂದೆ ವಸಂತಕುಮಾರ, ಹಿಂದೆ ವಾರಿಜಾ, ಬೆಂಚಿನಲ್ಲಿ ನಾನು ಮತ್ತು ತೊಂಡೆಕಾಯಿ.

"ಫೋಟೋ ಚೆನ್ನಾಗಿಲ್ಲ ಅಂತ ನಾನು ಅನ್ನಲ್ಲ," ಎಂದು ನಳಿನಿ ಶುರುಮಾಡಿದರು. "ಆದ್ರೆ ವಾರಿಜಾ ಅವ್ರೇ, ನೀವು ಮಾಡಿದ್ದು ಸರಿಯಿಲ್ಲ. ನಮ್ಮ ಹುಡ್ಗ ಅಷ್ಟು ಆಸೆಯಿಂದ ಹೊಸ ಕ್ಯಾಮೆರಾ ತಂದಿದ್ದ. ಎಲ್ಲಾ ಫೋಟೋದಲ್ಲೂ ನಿಮ್ ತುರುಬು."

ಸುಪ್ರೀತ್ ಲ್ಯಾಪ್‌ಟಾಪ್ ತೆರೆದು ತೋರಿಸಿದ. ನಿಜವೇ. ನೆಂಟರೆಲ್ಲ ಅಚ್ಚುಕಟ್ಟಾಗಿ ನಿಂತಿದ್ದಾರೆ, ನಡುವೆ ಕೆಳಗಿನಿಂದ ಒಂದು ಕಪ್ಪು ಗುಡ್ಡ ಎದ್ದಿದೆ, ಮೇಲೆ ಮಲ್ಲಿಗೆ.

ವಸಂತಕುಮಾರ ಕುರ್ಚಿಯನ್ನು ತಿರುಗಿಸಿ ಹೆಂಡತಿಯನ್ನು ನೋಡಿದ. "ಕಂಪ್ಲೇಂಟ್," ಎಂದ.

ವಾರಿಜಾ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತಳು. ಅವನು ಗೆದ್ದವನ ಗತ್ತಿನಲ್ಲಿ ಮುಂದಿನ ಫೋಟೋ ಒತ್ತಿದ. ಸೂರ್ಯನಾರಾಯಣರು ಸೊಂಟ ಹಿಡಿದುಕೊಂಡು ಬಾಯಿ ತುಂಬ ನಗುತ್ತಿದ್ದರು. ಸುತ್ತ ಇಡೀ ಸಂಸಾರ ನಗುತ್ತಿತ್ತು. ವಸಂತಕುಮಾರ ಮುಂದಕ್ಕೆ ಹೋಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅದೇ ಕ್ಷಣವನ್ನು ಹುಡುಕಿಸಿದ. ಅಲ್ಲಿ ಸೂರ್ಯನಾರಾಯಣರ ಜಾಗದಲ್ಲಿ ತುರುಬು. ಇದನ್ನು ನೋಡಿದ, ಅದನ್ನು ನೋಡಿದ, ಮತ್ತೆ ಇದನ್ನು ನೋಡಿದ. ಎಷ್ಟಾದರೂ ಅವನೂ ಫೋಟೋ ತೆಗೆಯುವವನೇ.

"ಇವರಿಗೆ ಹಲ್ಲು ಉಂಟಾ?" ಎಂದ ಮೆಲ್ಲಗೆ.

"ನಾನೇ ಮದ್ವೆಯಾದಾಗಿಂದ ನೋಡಿಲ್ಲ," ಎಂದರು ನಳಿನಿ. "ಇದನ್ನ ದೊಡ್ಡದು ಮಾಡ್ಕೊಡಿ. ಗೋಡೆಗೆ ಹಾಕ್ತೀನಿ, ದಿನಾ ನೋಡ್ಲಿ."

ಸುಪ್ರೀತ್ ಆ ಬಾಡಿಗೆ ಕ್ಯಾಮೆರಾದ ಹೆಸರನ್ನು ಕೇಳಿ ಬರೆದುಕೊಂಡ. ಅದು ಎಷ್ಟು ಹಗುರ ಎಂದು ವಾರಿಜಾಳನ್ನು ಎರಡು ಸಲ ಕೇಳಿದ. ಹೋಗುವಾಗ, ತನ್ನದನ್ನು ಮಾರಿಬಿಡುತ್ತೇನೆ, ಯಾರಾದರೂ ಇದ್ದರೆ ಹೇಳಿ ಅಂಕಲ್ ಎಂದ.

ಅವರು ಹೋದ ಮೇಲೆ ವಸಂತಕುಮಾರ ಬಹಳ ಹೊತ್ತು ಮೌಸು ಒರೆಸಿದ. "ಫೋಟೋ ಚಂದ ಉಂಟು. ಆದ್ರೆ ಮಾತು ಅಂದ್ರೆ ಮಾತು. ಕಂಪ್ಲೇಂಟ್ ಬಂತು."

"ಬಂತು," ಎಂದಳು ವಾರಿಜಾ. "ದೊಡ್ಡದು ತಗೊಳ್ಳಿ. ಆ ಹುಡುಗನದ್ದೇ ಮಾರ್ಲಿಕ್ಕುಂಟಲ್ಲ. ನೀವೇ ಎತ್ತಿ, ನೀವೇ ಮದುವೆಗೆ ಬನ್ನಿ. ನಂಗೊಂದು ಸಣ್ಣದು ತೆಗ್ಸಿ ಕೊಡಿ. ನೀವು ನನ್ನ ಹಿಂದೆ ನಿಲ್ಲಿ."

"ನಾನು ಹಿಂದೆ ನಿಂತು ಎಂತ ಮಾಡುದು?"

"ದೊಡ್ಡದಾಗಿ ಕಾಣುದು."

ಅವನು ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ನನ್ನ ಜೊತೆ ಮಾತಾಡಿದ, ಅವಳು ಎಂತಹ ಹೆಂಗಸು ಎಂದು. ನಾನು ಕೇಳಿಸಿಕೊಂಡೆ. ಮೂರನೆಯ ದಿನ ಸ್ಟುಡಿಯೋದಲ್ಲಿ ಗಂಟಲು ಸರಿಮಾಡಿಕೊಂಡು, "ಸೀನಿಯರ್ ಫೋಟೋಗ್ರಾಫರ್ ಅಂತ ಹೇಳ್ಬೇಕು ಎಲ್ಲರಿಗೆ," ಎಂದ.

"ಬೋರ್ಡಿನಲ್ಲೇ ಬರೆಸಿ," ಎಂದಳು ವಾರಿಜಾ.

ಫೆಬ್ರವರಿಯಲ್ಲಿ ಕಾಮೋಠೆಯ ಮದುವೆಗೆ ಇಬ್ಬರೂ ಹೋದರು, ಚೀಲಕ್ಕೆ ನಾನೂ. ವಸಂತಕುಮಾರ ಕೋಟು ಹಾಕಿದ್ದ. ಸುಪ್ರೀತನಿಂದ ಕೊಂಡ ಆ ದಪ್ಪ ಲೆನ್ಸನ್ನು ಎತ್ತಿ ಹಿಡಿದು, ರೆಡಿ, ಸ್ಮೈಲ್ ಎಂದು ಗಂಭೀರವಾಗಿ ಹೇಳುತ್ತಿದ್ದ. ಹಾಲಿಗೆ ಹಾಲೇ ಅವನನ್ನು ನೋಡುತ್ತಿತ್ತು. ಅವನ ಮುಂದೆ ತನ್ನ ಹೊಸ ಸಣ್ಣದನ್ನು ಹಿಡಿದು ಕುಳ್ಳಗೆ ನಿಂತು ವಾರಿಜಾ ಗಂಡಿನ ಸೋದರಮಾವನಿಗೆ ಮೀಸೆಯಲ್ಲಿ ಪಾಯಸ ಉಂಟು ಎಂದಳು. ಊಟದ ಹೊತ್ತಿಗೆ ಬಿಳಿ ಟೋಪಿಯ ಮುದುಕರೊಬ್ಬರು ವಸಂತಕುಮಾರನ ಕೈ ಕುಲುಕಿ ಬಹಳ ಹೊತ್ತು ಬಿಡಲೇ ಇಲ್ಲ.

ವಾಪಸು ಬರುವಾಗ ಮಾನಸರೋವರ ಸ್ಟೇಷನ್ನಿನಲ್ಲಿ ನಮಗಿಬ್ಬರಿಗೂ ಲೇಡೀಸ್ ಡಬ್ಬದಲ್ಲಿ ಕಿಟಕಿ ಸಿಕ್ಕಿತು. ವಸಂತಕುಮಾರ ಪಕ್ಕದ ಡಬ್ಬದಲ್ಲಿ ದೊಡ್ಡ ಕ್ಯಾಮೆರಾದ ಜೊತೆ ನಿಂತಿದ್ದ.

"ಆ ಮುದುಕ ಏನಂದ?" ಎಂದು ಕೇಳಿದೆ.

"ನಿಮ್ಮ ಕೈಯಲ್ಲಿ ಕಲೆ ಉಂಟು, ಹೆಂಡತಿಯೂ ಪಾಪ ಒಳ್ಳೆ ಹೆಲ್ಪ್ ಮಾಡ್ತಾರೆ ಅಂದ್ರು."

"ಇವನೇನಂದ?"

"ಹೌದು ಹೌದು, ಕಲೀತಾ ಇದ್ದಾಳೆ ಅಂದ್ರು."

"ನೀನು ಸುಮ್ಮನಿದ್ದೆಯಾ?"

"ಮಾತಾಡ್ಲಿಕ್ಕೆ ಪುರುಸೊತ್ತೆಲ್ಲಿ ದೊಡ್ಡಮ್ಮ," ಎಂದು ಅವಳು ಸಣ್ಣ ಕ್ಯಾಮೆರಾವನ್ನು ಒಂದೇ ಕೈಯಲ್ಲಿ ಎತ್ತಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಮುದುಕರ ಕೈಯೊಳಗೆ ಕೈ ಇಟ್ಟುಕೊಂಡು, ಹೊಗಳಿಕೆ ಕೇಳುತ್ತಾ, ತನ್ನ ಫೋಟೋ ತೆಗೆಯುತ್ತಿದ್ದಾರೆಂಬ ಗುಮಾನಿಯೂ ಇಲ್ಲದೆ ವಸಂತಕುಮಾರ ನಿಂತಿದ್ದ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಅವರ ಮದುವೆ ಆಲ್ಬಮಿನಲ್ಲೂ ನೋಡಿರಲಿಲ್ಲ.

"ಸ್ಟುಡಿಯೋದ ಗಾಜಿಗೆ ಇದನ್ನೇ ಹಾಕ್ತೇನೆ," ಎಂದಳು. "ಗಿರಾಕಿ ಬರ್ತಾರೆ."