ಕಾಣೆಯಾದ ಅರ್ಜಿ, ದೊಡ್ಡಮ್ಮನ ಮಾತು

ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ. ಭಾನುವಾರ ಬಂತೆಂದರೆ ಲಿನಕ್ಸಿನ ಹುಚ್ಚು; ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಪುಕ್ಕಟೆ ತಂತ್ರಾಂಶ ಅದು. ನಮ್ಮ ದೊಡ್ಡಮ್ಮ ಜಕ್ಕೂರಿನ ಹಳೇ ಊರಿನ ಮಹಿಳಾ ಸಂಘದ ಅಧ್ಯಕ್ಷೆ. ಸಂಘಕ್ಕೆ ಯಾರೋ ಕೊಟ್ಟ ಹಳೇ ಕಂಪ್ಯೂಟರಿಗೆ ನಾನೇ ಲಿನಕ್ಸ್ ಹಾಕಿದೆ. ಪರದೆ ಮೇಲೆಲ್ಲ ಕನ್ನಡ ಬರುವಂತೆ ಮಾಡಿ, "ಇನ್ನು ನಿಮಗೆ ಸಲೀಸು ದೊಡ್ಡಮ್ಮ" ಅಂತ ಬೀಗಿದೆ.

ಅವರು ಬೀದಿದೀಪಕ್ಕೊಂದು ಅರ್ಜಿ ಟೈಪ್ ಮಾಡಲು ಕೂತರು. ಒಂದೊಂದೇ ಅಕ್ಷರ ಹುಡುಕಿ ಆರು ಸಾಲು ಮುಗಿಸುವಷ್ಟರಲ್ಲಿ ಅರ್ಧ ಗಂಟೆ. ಆಮೇಲೆ ಕೈತಪ್ಪಿ ಮೂಲೆಯ ಗುಂಡಿ ಒತ್ತಿದರು. ಅರ್ಜಿ ಮಾಯ, ಪರದೆ ಖಾಲಿ.

"ಅಯ್ಯೋ, ಎಲ್ಲೋಯ್ತೋ? ಎಲ್ಲಾ ಅಳಿಸ್ಬುಟ್ನಾ?"

"ಇಲ್ಲ ದೊಡ್ಡಮ್ಮ, ಒಳಗೇ ಇದೆ. ಆ ಗುಂಡಿ 'ಕನಿಷ್ಠಗೊಳಿಸು' ಅಂತ, ಮಿನಿಮೈಸ್."

"ಅಂಗಂದ್ರೆ?"

ನಾನು ಏನೇನೋ ವಿವರಿಸಿದೆ. ಕೊನೆಗೆ ಅವರೇ ಅಂದರು: "ಪಕ್ಕಕ್ಕಿಡೋದು ಅನ್ನು. ಆದ್ರೆ ಪಕ್ಕಕ್ಕಿಟ್ಟಿದ್ದು ಕಣ್ಣಿಗೆ ಕಾಣ್ಬೇಕಲ್ಲಪ್ಪ. ಇಂಗೆ ಬಚ್ಚಿಟ್ರೆ ಎಂಗೆ?"

ಅವರ ಮಾತು ಸರಿ ಅನ್ನಿಸಿತು. ಆ ವಾರವೇ ಕೂತು, ಪಕ್ಕಕ್ಕಿಟ್ಟ ಕಿಟಕಿಗಳೆಲ್ಲ ಹೆಸರಿನ ಸಮೇತ ಪರದೆಯ ಕೆಳಗೆ ಸಾಲಾಗಿ ಕಾಣುವ ಪಟ್ಟಿಯೊಂದಕ್ಕೆ ಕೋಡ್ ಬರೆದೆ. 'ಕನಿಷ್ಠಗೊಳಿಸು' ತೆಗೆದು 'ಪಕ್ಕಕ್ಕಿಡು' ಅಂತ ಹಾಕಿದೆ. ಎರಡನ್ನೂ ಲಿನಕ್ಸಿನ ಈ ಪರದೆಯನ್ನು, ಅಂದರೆ ಡೆಸ್ಕ್‌ಟಾಪನ್ನು, ಕಟ್ಟುವ ತಂಡಕ್ಕೆ ಕಳಿಸಿದೆ. ಆ ತಂಡದ, ಯಾವ ದೇಶದವರೋ ಒಬ್ಬರು, ಇದೆಲ್ಲ ಯಾಕೆ ಬೇಕು ಅಂತ ಕೇಳಿ ಬರೆದರು. ದೊಡ್ಡಮ್ಮನ ಅರ್ಜಿಯ ಕತೆಯನ್ನು ಇದ್ದದ್ದು ಇದ್ದ ಹಾಗೇ ಬರೆದು ಕಳಿಸಿದೆ.

ಒಪ್ಪಿದ್ದೇವೆ, ಮುಂದಿನ ಆವೃತ್ತಿಯಲ್ಲಿ ಸೇರಿಸುತ್ತೇವೆ ಎಂಬ ಉತ್ತರ ಬಂದಾಗ ನಾನು ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದೆ. ಮೊಬೈಲಿನಲ್ಲಿ ಓದಿದವನೇ ದಡಕ್ಕನೆ ಎದ್ದೆ. ಎದುರಿದ್ದ ಗೆಳೆಯನ ಕಾಫಿ ಚೆಲ್ಲಿತು.

"ಏನ್ ಗುರು, ಪ್ರಮೋಷನ್ನಾ?"

"ಅದಕ್ಕಿಂತ ದೊಡ್ಡದು ಕಣೋ!"

ಹೊಸ ಆವೃತ್ತಿ ಬಂದ ಭಾನುವಾರವೇ ಸಂಘಕ್ಕೆ ಓಡಿ, ಅದನ್ನು ಕಂಪ್ಯೂಟರಿಗೆ ಹಾಕಿದೆ. ದೊಡ್ಡಮ್ಮ ಪರದೆಯ ಮೇಲೆ ತಮ್ಮ ಮಾತು ಓದಿ, "ನಾನೇಳಿದ್ದೇ ಐತಲ್ಲೋ!" ಅಂತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಸಂಘದ ಹೆಂಗಸರೆಲ್ಲ ಸುತ್ತ ಮುತ್ತಿಕೊಂಡರು. ಫೋಟೊ ನೋಡಲೆಂದು ಒಬ್ಬರು ಪೆನ್‌ಡ್ರೈವ್ ಚುಚ್ಚಿದರೆ, ಪರದೆಯ ಮೇಲೆ 'ಮೌಂಟ್' ಅನ್ನುವುದಕ್ಕೆ 'ಆರೋಹಿಸು' ಅಂತ ಬಂತು.

"ಯಾಕಣ್ಣ, ಕುದ್ರೆ ಏನಾದ್ರೂ ಅತ್ತಬೇಕಾ?" ಅಂದರು ಅವರು.

ನಗು ತಡೆಯಲಾಗದೆ ಅಲ್ಲೇ ಕುರ್ಚಿ ಎಳೆದು ಕೂತು, ಚೀಟಿ ತೆಗೆದು, ಮುಂದಿನ ಸಲ ಬದಲಿಸಬೇಕಾದ ಪದಗಳನ್ನು ಬರೆದುಕೊಳ್ಳತೊಡಗಿದೆ.